ಬೇಡವೆಂದವುಗಳ ಮೇಜು

ಗುರುವಾರ, ಸಂಜೆ

ಗುಬ್ಬಿ,

ಹೇಗಿದ್ದೀಯ ಮಗಳೇ? ತಡವಾಯಿತೆಂದು ಮುನಿಸಿಕೊಳ್ಳಬೇಡ. ಬರೆದು ಹರಿದು, ಹರಿದು ಬರೆದು ವಾರ ಕಳೆಯಿತು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳ ಕೈಗೆ ಪೆನ್ನು ಬೇಗ ಒಗ್ಗುವುದಿಲ್ಲ. ಫೋನಿನಲ್ಲಿ ಕೇಳಿದರೆ ನೀನು "ಊಟ ಆಯ್ತಮ್ಮ" ಎಂದು ಇಟ್ಟುಬಿಡುತ್ತೀಯ. ಏನು ಊಟ ಎಂದು ಅಳಿಯಂದಿರನ್ನು ಕೇಳಿದೆ. ನಾಲ್ಕು ತಿಂಗಳ ಬಸುರಿ ಬ್ರೆಡ್ಡು, ಬಿಸಿನೀರಿನಲ್ಲಿ ದಿನ ದೂಡುತ್ತಿದ್ದಾಳೆ ಎಂದರು. ಮೊಟ್ಟೆ ಉಷ್ಣವಂತೆ, ಬಾಳೆಹಣ್ಣು ಶೀತವಂತೆ. ಬೇಡ ಎಂದವರಲ್ಲಿ ನಾನೇ ಮೊದಲಿಗಳು.

ನಮ್ಮ ಕಟ್ಟಡದ ಕೆಳಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ, ಆರೋಗ್ಯ ಕೇಂದ್ರದ ನರ್ಸಮ್ಮ ಊಟ-ತಿಂಡಿಯ ಬಗ್ಗೆ ತಿಳಿಸಿಕೊಡಲು ಬರುತ್ತಾರೆ. ಮೊದಲ ಸಲ ಎಲ್ಲರೂ ಫೋನು ನೋಡುತ್ತಾ ಕೂತರು. ಕೊನೆಗೆ ಅವರೇ, "ನಿಮಗೆ ಯಾರಾದ್ರೂ ತಿನ್ನಬೇಡಿ ಅಂದಿರೋ ಪದಾರ್ಥ ಒಂದೊಂದು ಮುಂದಿನ ಸಲ ತನ್ನಿ. ತಂದಿಟ್ಟರೆ ಸಾಕು" ಎಂದರು.

ನಿನ್ನೆ ನೀನು ನೋಡಬೇಕಿತ್ತು. ಟೈಲರು ಮೊಟ್ಟೆ ತಂದಿದ್ದ. ಲಿಫ್ಟ್ ರಿಪೇರಿಯವನು ಉಪ್ಪು ಹಾಕಿದ ಕಡಲೆಬೀಜ, ಮೂರನೇ ಮಹಡಿಯ ಅಜ್ಜಿ ಬಾಳೆಹಣ್ಣು. ಹಾಲು, ಸೊಪ್ಪು, ಬೇಳೆ, ಕಾಗದದಲ್ಲಿ ಸುತ್ತಿದ ಮೀನು. ಮೇಜಿನ ಮೇಲೆ ಬೆರಳಿಡಲು ಜಾಗವಿರಲಿಲ್ಲ.

"ಮೇಡಂ, ಇಷ್ಟೂ ಬಿಟ್ರೆ ಇನ್ನು ಉಳಿಯೋದು ಈ ಮೇಜೇ. ಇದನ್ನೇ ಕಡಿಯೋಣ್ವಾ?" ಎಂದ ಟೈಲರು.

"ನಿನಗೆ ಹಲ್ಲಿದೆ, ಕಡಿಯಪ್ಪ. ನಾನು ನೆಕ್ತೀನಿ" ಎಂದರು ಅಜ್ಜಿ.

ನರ್ಸಮ್ಮ ಒಂದೊಂದನ್ನೇ ಎತ್ತಿ, "ಇದು ಬೇಡ ಅಂದೋರು ಯಾರು?" ಎಂದು ಕೇಳುತ್ತಾ ಹೋದರು. ಅತ್ತೆ, ಪಕ್ಕದ ಮನೆಯವರು, ಫೋನಿಗೆ ಬಂದ ವಿಡಿಯೋ, ಬಸ್ಸಿನಲ್ಲಿ ಜೊತೆಗೆ ಕೂತ ಯಾರೋ. ಡಾಕ್ಟರು ಬೇಡವೆಂದದ್ದು ಉಪ್ಪಿನ ಕಡಲೆಬೀಜ ಒಂದನ್ನೇ, ರಕ್ತದೊತ್ತಡಕ್ಕೆ. ಅದನ್ನಷ್ಟೇ ಪಕ್ಕಕ್ಕಿಟ್ಟು, "ನೀವು ಉಪ್ಪಿಲ್ಲದ್ದು ತಿನ್ನಿ. ಉಳಿದದ್ದೆಲ್ಲ ಮನೆಗೆ ವಾಪಸ್, ಅಡುಗೆಗೆ" ಎಂದರು.

ನಾನು ಎದ್ದು ನಿನ್ನ ವಿಷಯ ಕೇಳಿದೆ. "ಮೊಟ್ಟೆ, ಬೇಳೆ, ಸೊಪ್ಪು, ಹಾಲು, ಹಣ್ಣು, ಎಲ್ಲ ಬೇಕಮ್ಮ. ಅನುಮಾನ ಬಂದ್ರೆ ಆಸ್ಪತ್ರೆಯಲ್ಲಿ ಕೇಳ್ಲಿ. ಪಕ್ಕದ ಮನೇಲಿ ಕೇಳಿದ್ದು ಸಾಕು."

ಅದಕ್ಕೇ ಭಾನುವಾರ ಬರುತ್ತಿದ್ದೇನೆ. ಬಸ್ಸಿನ ನೂಕುನುಗ್ಗಲಿನಲ್ಲಿ ಮೊಟ್ಟೆ ಒಡೆದರೆ ಎಂದು ಈಗಲೇ ಚಿಂತೆ. ಬೇಯಿಸಿಯೇ ತರುತ್ತೇನೆ. ನೀನೂ ನಿನ್ನೊಳಗಿನ ಜೀವವೂ ಹೊಟ್ಟೆ ತುಂಬ ಉಂಡು ತಣ್ಣಗಿರಿ.

ನಿನ್ನ ಅಮ್ಮ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ನಾನು ಒಯ್ದದ್ದು ಪಪ್ಪಾಯಿ. ಮೇಜಿನ ಮೇಲಿಡಲು ಧೈರ್ಯ ಬಾರದೆ ಚೀಲದಲ್ಲೇ ಇಟ್ಟುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ನರ್ಸಮ್ಮನ ಮುಂದೆ ತೆಗೆದೆ. ಹೋದ ವರ್ಷ ನೀನು ಬಂದಾಗ ನಾನೇ ಹೆಚ್ಚಿ ಕೊಟ್ಟದ್ದು, ಆ ವಾರವೇ ಮಗು ನಿಲ್ಲದೆ ಹೋದದ್ದು, ಎಲ್ಲ ಹೇಳಿದೆ.

"ಚೆನ್ನಾಗಿ ಹಣ್ಣಾಗಿತ್ತಾ?"

"ಕೆಂಪಗಿತ್ತು."

"ಹಾಗಾದ್ರೆ ಅದರಿಂದ ಅಲ್ಲಮ್ಮ. ಶುರುವಿನ ತಿಂಗಳಲ್ಲಿ ಹಾಗೆ ಹೋಗೋದು ಬಹಳ ಸಲ ಯಾರ ಕೈಯಲ್ಲೂ ಇರಲ್ಲ."

ನೀನು ನಿನ್ನ ಬಾಯನ್ನು ಬೈದುಕೊಂಡು ಉಪವಾಸ ಬಿದ್ದಿರುವೆ. ನಾನು ನನ್ನ ಕೈಯನ್ನು ಬೈದುಕೊಂಡೆ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಆ ಹಣ್ಣನ್ನು ಮನೆಗೆ ತಂದು ಹೆಚ್ಚಿದೆ. ಸಿಹಿಯಾಗಿತ್ತು. ನಿಮ್ಮಪ್ಪ ಒಂದು ಹೋಳು ತಿಂದು, ಸಿಪ್ಪೆ ಎಸೆದು ಬರುತ್ತೇನೆಂದು ಎದ್ದು ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.