ಸದ್ದು ಮಾಡದ ಟೈರು

ರೀ,

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೀರಿ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ನಾನು ಕೆಲಸಕ್ಕೆ ಹೊರಟೆ.

ಎದ್ದ ಮೇಲೆ ಕಾರಿನ ಕೆಲಸ ಮುಗಿಸಿಬಿಡಿ. ಆಯಿಲ್ ಫಿಲ್ಟರ್ ಕಾರಿನ ಕಂಪನಿಯದೇ ಆಗಬೇಕೆಂದಿಲ್ಲ. ಆದರೆ ಹೋದ ಸಲದ ಹಾಗೆ ಕೈಗೆ ಸಿಕ್ಕಿದ್ದನ್ನು ತರಬೇಡಿ; ಅದು ಸೋರಿ ಬಾಗಿಲ ಮುಂದೆ ಆದ ಎಣ್ಣೆ ಕಲೆ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದುಹೋಗಿದೆ. ಫಿಲ್ಟರಿನ ಬಾಯಿಗಿರುವ ರಬ್ಬರ್ ಉಂಗುರ ಮೆತ್ತಗಿದೆಯಾ ಅಂತ ಒತ್ತಿ ನೋಡಿ. ಅಂಗಡಿಯಲ್ಲಿ ಹಾಕಿಸಬೇಡಿ, ಮನೆಗೆ ತನ್ನಿ. ಭಾನುವಾರ ನೀವು ಕಾರಿನಡಿ ತೂರಿಕೊಳ್ಳಿ, ನಾನು ಟಾರ್ಚ್ ಹಿಡೀತೀನಿ. ಆ ನೆಪದಲ್ಲಾದರೂ ಒಂದಿಷ್ಟು ಹೊತ್ತು ಜೊತೆಗಿರಬಹುದು.

ಟೈರು ನಾಲ್ಕೂ ಬದಲಾಯಿಸಿ. ಅಗಲದ್ದು ಬೇಡ, ನಮ್ಮದು ಪುಟ್ಟ ಕಾರು, ಲಾರಿಯಲ್ಲ. ಸದ್ದು ಮಾಡದ್ದು ಒಳ್ಳೇದು ಅಂದಿದ್ದಾನೆ ಮೆಕ್ಯಾನಿಕ್, ಅದನ್ನೇ ಹಾಕಿಸಿ.

ಒಂದೇ ಸಂಕಟ. ಬೆಳಗಿನ ಜಾವ ಬೀದಿ ತಿರುವಿನಲ್ಲಿ ಆ ಸವೆದ ಟೈರು ಗುಂಯ್ ಅಂದಾಗಲೇ ನನಗೆ ಎಚ್ಚರ. ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನ ಹಾಗೆ ಒಳಗೆ ಬರ್ತೀರಿ. ನಾನು ಕಣ್ಣು ಮುಚ್ಚಿಕೊಂಡೇ ನಿಮ್ಮ ಹೆಜ್ಜೆ ಕೇಳ್ತಾ ಮಲಗಿರ್ತೀನಿ. ನಿದ್ದೆ ಕೆಡಿಸಿದೆ ಅಂತ ನೊಂದ್ಕೋತೀರೇನೋ ಅಂತ ಇಷ್ಟು ದಿನ ಹೇಳಲಿಲ್ಲ.

ಹೊಸ ಟೈರು ಎಬ್ಬಿಸೋದಿಲ್ಲ. ಇನ್ನು ನೀವೇ ಎಬ್ಬಿಸಿ.