ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ಕೂಡ್ಲಿಗಿ
20 ನವೆಂಬರ್ 2025, ಗುರುವಾರ

ಜೀವದ ಗೆಳತಿ ನೂರೀನಳಿಗೆ ನಿನ್ನ ರಮಾಳ ಜೈಭೀಮ್ ಮತ್ತು ಸಲಾಮ್.

ಫೋನು ಮಾಡಿದರೆ ನೀನು ವಾರ್ಡಿನಿಂದಲೇ "ಆಮ್ಯಾಲ ಮಾತಾಡ್ತೀನಿ, ಇಡಲೇ" ಎನ್ನುತ್ತೀಯ. ಪತ್ರದ ಬಾಯಿಯನ್ನು ಹಾಗೆ ಮುಚ್ಚಿಸಲು ಬರುವುದಿಲ್ಲ. ಹರಪನಹಳ್ಳಿಯ ನಿನ್ನ ರೂಮಿಗೆ ಬಂದು, ಉಂಡು, ಕಾಲು ಚಾಚಿ ಕುಳಿತು ಓದು. ಲಕೋಟೆಯಲ್ಲಿ ಮೆಮರಿ ಕಾರ್ಡ್ ಇದೆ. ಪತ್ರ ಮುಗಿಸುವ ಮೊದಲು ಅದನ್ನು ಕೇಳಬೇಡ.

ನಮ್ಮ ಓದುಬಳಗದ ಆಲ್ಬಮ್ಮಿಗೆ ಎಂಟು ಹೋರಾಟದ ಹಾಡು ಆರಿಸಿದಾಗ ನೀನು ನಕ್ಕಿದ್ದೆ: "ಎಂಟೂ ಹಾಡಿನ್ಯಾಗ ಏಳಿರಿ ಏಳಿರಿ ಅಂದ್ರ ಜನ ಕುಂದ್ರೋದು ಯಾವಾಗಲೇ?" ನನಗೆ ಸಿಟ್ಟು ಬಂದಿತ್ತು. ಆದರೂ ನಮ್ಮ ನೆಲದವರೇ ಕಟ್ಟಿ ಹಾಡಿದ್ದು ಒಂದಾದರೂ ಇರಲಿ ಎಂದು ಕೊಟ್ಟೂರಿನ ನಿಮ್ಮ ಅಬ್ಬಾನ ಅಂಗಡಿಗೆ ಹೋದೆ. ಸುಟ್ಟ ಫ್ಯಾನುಗಳ ಹಿಂದಿದ್ದ ಹಳೆಯ ಕ್ಯಾಸೆಟ್ಟುಗಳ ರಟ್ಟಿನ ಪೆಟ್ಟಿಗೆಯನ್ನು ಶೇಖಾವಲಿ ಕಾಕಾ ಕಾಲಿನಿಂದಲೇ ಮುಂದಕ್ಕೆ ತಳ್ಳಿದರು. "ಒಯ್ಯವ್ವ, ಧೂಳಾರ ಕಡಿಮಿ ಆಕ್ಕತಿ." ಕೇಳಲು ಒಂದು ಟೇಪ್ ರೆಕಾರ್ಡರನ್ನೂ ಕೊಟ್ಟರು.

ಲೇ, ನಿನಗೆ ಅದೆಲ್ಲ ಚಿಕ್ಕಂದಿನ ಮನೆಯ ಗದ್ದಲ. ನಾನು ಮಾತ್ರ ವಾರವಿಡೀ ಬಾಯಿ ತೆರೆದುಕೊಂಡು ಕೂತಿದ್ದೆ. "ದೀಪ ಹೆಚ್ಚೋ ಎಣ್ಣಿ ಹೆಚ್ಚೋ" ಎಂಬ ಸವಾಲು-ಜವಾಬಿನ ಕ್ಯಾಸೆಟ್ಟು ನೆನಪಿದೆಯೇ? ಮೊದಲ ಮಗ್ಗುಲಲ್ಲಿ ಚಿಗಟೇರಿಯ ನಾಗಲಿಂಗಮ್ಮ ಎಣ್ಣೆಯ ಪರ ನಿಂತು ಸವಾಲು ಹಾಕುತ್ತಾರೆ. ಇನ್ನು ದೀಪಕ್ಕೆ ಉಳಿಗಾಲವಿಲ್ಲ ಎನ್ನಿಸುತ್ತದೆ. ತಿರುಗಿಸಿ ಹಾಕಿದರೆ ನಿಮ್ಮ ಅಬ್ಬಾ ದೀಪದ ಪರ ಎದ್ದು, ಆಕೆಯ ಕೊನೆಯ ಸಾಲನ್ನೇ ಕಿತ್ತುಕೊಂಡು ಜವಾಬು ಶುರು ಮಾಡುತ್ತಾರೆ. ಬರೆದವರು ಬೇರೆ, ಹಾಡಿದವರು ಬೇರೆ ಅಲ್ಲ. ನಾನು ಹತ್ತು ರೂಪಾಯಿಯ ಪುಸ್ತಿಕೆಗಳಲ್ಲಿ ಚರ್ಚೆ, ಪ್ರತಿವಾದ, ಪ್ರಜಾಪ್ರಭುತ್ವ ಎಂದೆಲ್ಲ ಅಡಿಗೆರೆ ಎಳೆದು ಓದಿದ್ದು ಇಲ್ಲಿ ದಮ್ಮಡಿ ಬಾರಿಸಿಕೊಂಡು ಕುಣಿಯುತ್ತಿತ್ತು.

ಮೊನ್ನೆ ಚಿಗಟೇರಿಗೆ ಹೋದೆ. ನಾಗಲಿಂಗಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಕಲೆ ಜನರ ಆಸ್ತಿ, ಕಂಪನಿಗಳು ಅದನ್ನು ನುಂಗುತ್ತಿವೆ ಎಂದು ನಾನು ಶುರು ಮಾಡಿದೆ. ಅವರು ಪೂರ್ತಿ ಕೇಳಿ, "ಖರೇ ಐತಿ ಬಿಡವ್ವ. ಚಾ ಆರ್ತೈತಿ, ಮೊದ್ಲ ಅದನ್ನ ನುಂಗು" ಎಂದರು.

ಆಮೇಲೆ ಮೊರವನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹಾಡಿದರು; ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಿಮ್ಮ ಅಮ್ಮಿ ಹೋದ ಮೇಲೆ ಕಟ್ಟಿದ ಪದವಂತೆ. ಕೇಳಿದ್ದನ್ನು ಹಾಗೆಯೇ ಬರೆದಿದ್ದೇನೆ:

ಕೇಳಾಕಿ ಎದ್ದು ಹೋದ ಮ್ಯಾಲ
ಹಾಡು ಯಾರ ಪಾಲಣ್ಣ?
ಖಾಲಿ ಚಾಪಿ ನೋಡಿಕೋತ
ಬಾಯಿ ಕಟ್ಟಿದ್ಯಾಕಣ್ಣ?

ಪ್ರತಿ ಮೇಳದಲ್ಲೂ ಲಾಲ್ ಬೀ ಅಮ್ಮಿ ಮುಂದಿನ ಚಾಪೆಯ ಮೇಲೆ ಕೂರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಕಾಕಾ ಹಾಡಿಲ್ಲ ಎಂಬುದು ನನಗಿಂತ ನಿನಗೇ ಗೊತ್ತು. ಹಾಡು ಮುಗಿಯಿತು. ನನ್ನ ಕಣ್ಣು ತುಂಬಿತ್ತು. ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ.

ನಾಗಲಿಂಗಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ಏ ಹುಚ್ಚಿ, ಏನ್ ಮಾಡಿದಿ? ಎದುರಿನವ ಇಲ್ಲದಾಗ ತಟ್ಟಿದ್ರ ಅವ ಸೋತ ಅಂದಂಗ! ಬಾಯಿ ಕಟ್ಟಿದವನ್ನ ಗೆದ್ದು ನಾ ಏನ್ ಕಟ್ಕೊಳ್ಳಿ?"

ಅವರಿಬ್ಬರ ಮೇಳದ ಕಟ್ಟಳೆ ಅದು. ಜವಾಬು ಬಂದ ಮೇಲೆಯೇ ಚಪ್ಪಾಳೆ, ಇಬ್ಬರಿಗೂ ಸೇರಿಸಿ. ಒಂಟಿ ಸವಾಲನ್ನು ಕ್ಯಾಸೆಟ್ಟಿಗೂ ಕೊಡುತ್ತಿರಲಿಲ್ಲ. ಈಗ ನಮ್ಮ ಆಲ್ಬಮ್ಮಿಗೂ ಕೊಡುವುದಿಲ್ಲ. "ಶೇಖಣ್ಣ ಜವಾಬು ಕೊಟ್ರ ಎರಡೂ ಹಾಕು. ಇಲ್ಲಾಂದ್ರ ಇದನ್ನ ಅಳಿಸು" ಎಂದರು. ನಾನು ಆಣೆ ಇಡುವುದಿಲ್ಲ, ನಿನಗೆ ಗೊತ್ತು. ಆದರೂ ಮಾತು ಕೊಟ್ಟೆ.

ಇನ್ನೊಂದಿದೆ. ಅವರ ಗಂಟಲಲ್ಲಿ ಗಡ್ಡೆ. ಬರುವ ಬುಧವಾರ ದಾವಣಗೆರೆಯಲ್ಲಿ ಆಪರೇಷನ್. ಜೀವಕ್ಕೆ ಭಯವಿಲ್ಲ, ದನಿ ಉಳಿಯುವ ಖಾತ್ರಿ ಇಲ್ಲ ಎಂದಿದ್ದಾರಂತೆ. ಹಾಗೆಂದರೆ ಏನು, ನೂರೀನ? ನರ್ಸಾದ ನೀನೇ ಹೇಳು. ಒಂದು ಚೂರೂ ಉಳಿಯುವುದಿಲ್ಲವೇ?

ಇದನ್ನು ಕಾಕಾನಿಗೆ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದ್ದಾರೆ. "ಮರುಗಿ ಹಾಡಿದ್ದು ಜವಾಬು ಅಲ್ಲವ್ವ. ಅವ ನನ್ನ ಮ್ಯಾಲ ಸಿಟ್ಟೀಲೆ ಹಾಡಬೇಕು." ಆದ್ದರಿಂದ ನಿನ್ನ ಕೆಲಸ ಇಷ್ಟು: ರಜೆ ಹಾಕಿ ಕೊಟ್ಟೂರಿಗೆ ಬಾ, ಅಬ್ಬಾನ ಪಕ್ಕ ಕುಳಿತು ಈ ಸವಾಲು ಕೇಳಿಸು. ಕಾಯಿಲೆಯ ಮಾತು ಎತ್ತಬೇಡ. ಅಮ್ಮಿಯ ಹಾಡು ಎಂದು ನಿನಗೆ ಕೇಳಲು ಕಷ್ಟವಾಗಬಹುದು. ಆದರೂ ಕೇಳುತ್ತಿದ್ದೇನೆ. ಅವರು ನಿನ್ನ ಮಾತು ಮೀರುವುದಿಲ್ಲ. ನಾನು ಹೋದರೆ ಭಾಷಣ ಮಾಡಿ ಕೆಡಿಸುತ್ತೇನೆ.

ಎಂಟು ಹಾಡನ್ನೂ ಕೈಬಿಟ್ಟಿಲ್ಲ. ಏಳಿರಿ ಎನ್ನುವವರೂ ಬೇಕು. ಆದರೆ ಜಗತ್ತು ಹೇಗೆ ಬದಲಾಗಬೇಕೆಂದು ನನ್ನನ್ನು ಯಾರಾದರೂ ಕೇಳಿದರೆ, ಇನ್ನು ಮೇಲೆ ಆ ಮುದುಕಿ ನನ್ನ ಕೈ ಹಿಡಿದುಕೊಂಡದ್ದನ್ನು ಹೇಳುತ್ತೇನೆ.

ನಿನ್ನ ದಾರಿ ಕಾಯುವ,
ರಮಾ

ಮರೆತ ಮಾತಲ್ಲ, ಶುಕ್ರವಾರ ಸೇರಿಸಿದ್ದು: ನೀನು ಬರುವತನಕ ತಡೆಯಲು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಕೊಟ್ಟೂರಿಗೆ ಹೋಗಿ, ಏನೂ ಹೇಳದೆ ಮೊಬೈಲಿನಲ್ಲಿ ಸವಾಲು ಹಾಕಿದೆ. ಕಾಕಾ ಮಿಕ್ಸಿಯ ತಿರುಪು ಬಿಚ್ಚುತ್ತಲೇ ಕೇಳಿದರು. ಮುಗಿದ ಮೇಲೆ, "ಎರಡನೇ ಸಾಲಿನ್ಯಾಗ ಉಸುರು ತಗೊಂಡಾಳ. ನಾಗವ್ವ ಅಲ್ಲಿ ಎಂದೂ ತಗೊಂಡಾಕಿ ಅಲ್ಲ. ಗಂಟಲಿಗೆ ಏನಾಗೇತಿ?" ಎಂದರು. ನಾನು ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ. ಮಿಕ್ಸಿಯನ್ನು ಬದಿಗೆ ಸರಿಸಿ, "ಬಾಯಿ ಕಟ್ಟ್ಯಾನಂತ ನನಗ ಅಂತಾಳೇನು? ಎಷ್ಟು ಸೊಕ್ಕು ಈಕಿಗೆ!" ಎಂದು ಷಟರು ಅರ್ಧ ಇಳಿಸಿ, ಮಿಕ್ಸಿ ಜಾರಿನ ಮುಚ್ಚಳದ ಮೇಲೆ ತಾಳ ಹಿಡಿದರು:

ಹೋದಾಕಿ ಕಿವಿಯ ಒಯ್ದಾಳ ತಂಗಿ,
ಹಾಡ ಒಯ್ಯಲಿಲ್ಲ;
ಎದುರಾಕಿ ನೀನು ಇರೂತನಕ
ಚಾಪಿ ಖಾಲಿಯಲ್ಲ.

ಕಾರ್ಡಿನಲ್ಲಿ ಈಗ ಎರಡೂ ಇವೆ. ಇದನ್ನು ಅಂಚೆಗೆ ಹಾಕದೆ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಹುಲುಗೇಶಣ್ಣನ ಕೈಗೆ ಕೊಡುತ್ತಿದ್ದೇನೆ. ಕಾಕಾ ಭಾನುವಾರ ಚಿಗಟೇರಿಗೆ ಹೋಗಿ ಆಕೆಯ ಎದುರೇ ಕುಳಿತು ಹಾಡುತ್ತಾರಂತೆ. ಅಮ್ಮಿಯ ಚಾಪೆ ಎಲ್ಲಿಟ್ಟಿದ್ದೀ ಎಂದು ನಿನ್ನನ್ನು ಕೇಳಲು ಹೇಳಿದ್ದಾರೆ. ಅದನ್ನು ತೆಗೆದುಕೊಂಡು ಚಿಗಟೇರಿಗೇ ಬಾ. ಚಪ್ಪಾಳೆಯನ್ನು ಅಲ್ಲಿಯತನಕ ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತೇನೆ.