ಹತ್ತನೇ ನಂಬರಿನ ಹಸಿರು ತಂತಿ

ಫೆಬ್ರವರಿ 3, ಸೋಮವಾರ

ಚಹಾ ಆರಿಹೋಯಿತು. ಕ್ಲಾಸಿಗೆಂದು ನಾನೇ ಕಟ್ಟುತ್ತಿರುವ ಪದಬಂಧದ ಕೆಳಗಿನ ಬಲಮೂಲೆಯಲ್ಲಿ ನಾಲ್ಕು ಮನೆ ಇನ್ನೂ ಖಾಲಿ. ಅಳಿಸಿ ಅಳಿಸಿ ಕಾಗದವೇ ತೂತು. ಕೊನೆಗೆ ‘ಭೂಸಂಪರ್ಕ’ ಹಿಡಿಸಿತು — ಎಲ್ಲರೂ ಅರ್ತ್ ಅನ್ನುತ್ತಾರಲ್ಲ, ಅದೇ. ಒಂದನೇ ನಂಬರ್ ಫೇಸ್, ಎರಡು ನ್ಯೂಟ್ರಲ್... ಹತ್ತು ಅರ್ತ್. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಕ್ಲಾಸು. ಹೆಂಗಸರ ಎಲೆಕ್ಟ್ರಿಷಿಯನ್ ಬ್ಯಾಚು, ಥಿಯರಿ ನನ್ನದು. ಪುಸ್ತಕ ತೆರೆದರೆ ಆಕಳಿಸುವವರು ಪದಬಂಧ ಹಂಚಿದ ಕೂಡಲೇ ಎದ್ದು ಕೂರುತ್ತಾರೆ.

“ಕರೆಂಟನ್ನ ಹರಿಯೋಕೇ ಬಿಡಲ್ಲ. ನಾಲ್ಕು ಅಕ್ಷರ,” ಅಂದೆ.

“ಯಜಮಾನ!” — ಹಿಂದಿನ ಬೆಂಚಿನ ಟೈಲರಮ್ಮ.

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ‘ಅವಾಹಕ’ ಅನ್ನಿಸುವಷ್ಟರಲ್ಲಿ ಸಾಕುಸಾಕು. ಆಮೇಲೆ ಬಾಯಿಪಾಠ. ನಾನು ನಂಬರ್ ಕೂಗಬೇಕು, ಅವರು ಪದ ಕೂಗಬೇಕು. ಪರೀಕ್ಷೆಯವರೆಗೆ ದಿನಾ ಹೀಗೇ. ನಿದ್ದೆಗಣ್ಣಲ್ಲಿ ಕೇಳಿದರೂ ತಪ್ಪಬಾರದು.

ಎಲ್ಲರಿಗಿಂತ ಜೋರು ದನಿ ನನ್ನ ನಾದಿನಿಯದು. ಗಂಡನ ಸಹವಾಸ ಸಾಕೆಂದು ನಮ್ಮಲ್ಲಿಗೆ ಬಂದವಳು. ಬಾಯಿ ನಿಲ್ಲುವುದಿಲ್ಲ ಅಂತ ಇವರು ತಂಗಿಗೆ ರೇಡಿಯೋ ಎಂದೇ ಹೆಸರಿಟ್ಟಿದ್ದಾರೆ. ಮಾರ್ಚ್ ಹದಿನೈದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ಪಾಸಾದರೆ ಬೇರೆ ಊರಿನ ಪಂಪ್‌ಹೌಸಿನಲ್ಲಿ ಕೆಲಸ, ಇರಲು ಕ್ವಾರ್ಟರ್ಸ್. ಫೇಲಾದರೆ ಆ ಜಾಗ ಇನ್ನೊಬ್ಬಳಿಗೆ.

“ನನ್ನದೇ ಬಾಗಿಲು, ನನ್ನದೇ ಬೀಗ, ಅತ್ತಿಗೆ,” ಅನ್ನುತ್ತಾಳೆ ಪಾತ್ರೆ ಒರೆಸುತ್ತಾ. ದಿನಕ್ಕೊಂದು ಸಲವಾದರೂ.

ಫೆಬ್ರವರಿ 20, ಗುರುವಾರ

ನಾದಿನಿ ಬಟ್ಟೆ ಮಡಿಸುತ್ತಾ “ಒಂದು ಫೇಸ್, ಎರಡು ನ್ಯೂಟ್ರಲ್” ಅನ್ನುತ್ತಿದ್ದಳು. ಶರ್ಟಿಗೊಂದು ಪದ, ಟವೆಲಿಗೊಂದು ಪದ. ಖುಷಿಯಾಗಬೇಕಿತ್ತು. ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆ, ಹಾಲ್, ಮತ್ತೆ ಅಡುಗೆಮನೆ.

“ಕಾಲಿಗೆ ಚಕ್ರ ಕಟ್ಕೊಂಡಿದೀಯಾ?” ಇವರು ಪೇಪರಿನಿಂದ ತಲೆ ಎತ್ತದೆ. ಇವತ್ತು ಇವರಾಡಿದ ಮಾತು ಅಷ್ಟೇ. ಬೆಳಗಿನಿಂದ ಪ್ರಿಂಟಿಂಗ್ ಪ್ರೆಸ್ಸಿನ ಗದ್ದಲ ಕೇಳಿ ಬಂದವರಿಗೆ ಮಾತೆಂದರೆ ಅಲರ್ಜಿ.

ಮಾರ್ಚ್ 6, ಗುರುವಾರ

ಬರೆದೇ ತೀರಬೇಕು.

ವರ್ಕ್‌ಶಾಪಿನ ಮೇಷ್ಟ್ರು ಕ್ಲಾಸಿನ ಬಾಗಿಲಿಗೇ ಬಂದರು. ಅವರಿಗೆ ಗುಡುಗು ಅಂತ ಹುಡುಗಿಯರು ಇಟ್ಟ ಹೆಸರು ಸುಳ್ಳಲ್ಲ. “ಏನ್ ಮೇಡಂ ಕಲಿಸಿದೀರಿ ಇವರಿಗೆ? ಬ್ಯಾಚಿಗೆ ಬ್ಯಾಚೇ ಒಂದೇ ತಪ್ಪು!”

ಹೋಗಿ ನೋಡಿದೆ. ಮೈನ್ ಸ್ವಿಚ್ ಆಫ್ ಮಾಡಿದ ಬೋರ್ಡು. ಮೂರು ತಂತಿ ಜೋಡಿಸಬೇಕು. ಮೊದಲು ಹಸಿರು, ಅರ್ತ್. ಆಮೇಲೆ ಕಪ್ಪು, ನ್ಯೂಟ್ರಲ್. ಕಟ್ಟಕಡೆಗೆ ಕೆಂಪು, ಕರೆಂಟು ತರುವ ಫೇಸ್. ನಡುವೆ ಯಾರಾದರೂ ಮೈನ್ ಹಾಕಿಬಿಟ್ಟರೂ ಕರೆಂಟಿಗೆ ಭೂಮಿಗಿಳಿಯುವ ದಾರಿ ಮೊದಲೇ ಇರಬೇಕು. ಇಲ್ಲದಿದ್ದರೆ ಮನುಷ್ಯರ ಮೈಯೇ ದಾರಿ.

ಇವರೆಲ್ಲ ಮೊದಲು ಹಿಡಿದದ್ದು ಕೆಂಪು. ಹಸಿರು ಕೊನೆಗೆ. ಒಬ್ಬಳಲ್ಲ, ಇಬ್ಬರಲ್ಲ, ಎಲ್ಲರೂ! ತುಟಿ ಪಿಟಿಪಿಟಿ ಅನ್ನುತ್ತಿದೆ — ಒಂದು ಫೇಸ್, ಎರಡು ನ್ಯೂಟ್ರಲ್...

“ನಂಬರ್ ಪ್ರಕಾರಾನೇ ಮಾಡ್ತಿದೀವಲ್ಲ ಮೇಡಂ,” ಅಂದಳು ಟೈಲರಮ್ಮ, ಪಾಪ.

ಪದಬಂಧದ ಮೂಲೆಯಲ್ಲಿ ಜಾಗ ಸಿಕ್ಕಿತೆಂದು ಹತ್ತನೇ ನಂಬರಿಗೆ ಕೂರಿಸಿದ ಪದ, ಅರ್ತ್. ನಂಬರಿಗೂ ಕೆಲಸಕ್ಕೂ ಸಂಬಂಧವಿಲ್ಲ ಅಂತ ಒಂದು ಮಾತು ಹೇಳಲಿಲ್ಲ. ಹೊಳೆದಿದ್ದರೆ ತಾನೇ. ಪರೀಕ್ಷೆಯಲ್ಲಿ ಕೆಂಪು ಮೊದಲು ಹಿಡಿದರೆ ಅಲ್ಲಿಗೇ ಫೇಲ್.

ಮಾರ್ಚ್ 8, ಶನಿವಾರ

ಅರ್ತ್ ಒಂದನೇ ನಂಬರಿಗೆ ಬರುವಂತೆ ಹೊಸ ಪದಬಂಧ ಮಾಡಿದೆ. ಮನೆಯಲ್ಲೇ ಹಳೇ ಬೋರ್ಡಿಟ್ಟು ನಾದಿನಿಯನ್ನು ಕೂರಿಸಿದೆ. ಮತ್ತೆ ಕೆಂಪು. ಮತ್ತೆ. ಮತ್ತೆ.

“ಹಳೇದು ಕೈಯಲ್ಲಿ ಕೂತ್ಬಿಟ್ಟಿದೆ, ಅತ್ತಿಗೆ.”

“ಮನಸ್ಸಿಟ್ಟು ಮಾಡಿದ್ರೆ ಯಾಕೆ ಬರಲ್ಲ?” ರೇಗಿದೆ. ರೇಗಬಾರದಿತ್ತು.

ಸ್ಕ್ರೂಡ್ರೈವರ್ ಕೆಳಗಿಟ್ಟಳು. “ಒಂದ್ ಮಾತು ಕೇಳ್ಲಾ? ನಾನು ಇಲ್ಲಿಂದ ಹೋಗೋದು ಬೇಡ ಅಂತಾನೇ ತಪ್ಪು ಕಲಿಸಿದ್ರಾ?”

“ಬಾಯಿಗೆ ಬಂದಹಾಗೆ ಮಾತಾಡ್ಬೇಡ!”

ಎದ್ದು ರೂಮಿಗೆ ಹೋದಳು. ರೇಡಿಯೋ ಬಂದ್.

ಮಾರ್ಚ್ 10, ಸೋಮವಾರ

ಬಂದ್ ಅಂದರೆ ಪೂರ್ತಿ ಬಂದ್. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಇವರು ಪೇಪರ್ ಮಡಿಸಿ “ಏನ್ರೇ, ಮನೆ ಹಿಂಗಿದೆ?” ಅಂದರು. ಇವರಿಗೇ ಗೊತ್ತಾಯಿತೆಂದರೆ!

ಬೇಕೆಂದು ಕಲಿಸಲಿಲ್ಲ. ದೇವರಾಣೆ ಇಲ್ಲ. ಆದರೆ ಅವಳು ಹೋಗುವುದು ನನಗೆ ಬೇಡ. ಅದು ನಿಜ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವಳು ಅವಳೊಬ್ಬಳೇ. ಅದಕ್ಕೇ ಆ ಮಾತು ಅಷ್ಟು ಚುಚ್ಚಿತು. ಫೇಲಾಗಿ ಇಲ್ಲೇ ಉಳಿದರೆ ಜೀವನಪೂರ್ತಿ ಅವಳ ಮುಖ ನೋಡುವುದು ಹೇಗೆ? ಥೂ, ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ.

ಮಾರ್ಚ್ 11, ಮಂಗಳವಾರ

ಪದಬಂಧ ಹರಿದು ಬಿಸಾಕಿದೆ. ನಂಬರೇ ಬೇಡ. ಬಾಯಿಪಾಠವೂ ಬೇಡ.

ಬೋರ್ಡಿನಲ್ಲಿ ತಂತಿ ಸಿಕ್ಕಿಸುವ ಮೂರೂ ಕಡೆ ಒಂದೊಂದು ಅಕ್ಷರ ಬರೆದು ರಟ್ಟಿನ ಚೂರು ಮುಚ್ಚಿದೆ. ಒಂದೊಂದು ತಂತಿ ಬಿಗಿದ ಮೇಲೆ ಅಲ್ಲಿನ ರಟ್ಟು ತೆಗೆದು ಅಕ್ಷರ ಓದಬೇಕು. ಬಿಗಿದ ಕ್ರಮದಲ್ಲೇ ಮೂರೂ ಸೇರಿದರೆ ಒಂದು ಪದ. ನಾದಿನಿಯ ರೂಮಿನ ಬಾಗಿಲ ಮುಂದೆ ಇಟ್ಟು ಬಂದೆ. ಹೇಗೆ ಮಾಡಬೇಕೆಂದು ಚೀಟಿ ಬರೆದು ಅಂಟಿಸಿದ್ದೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ — “ಲುಗಿಬಾ? ಯಾವ ಭಾಷೆ ಅತ್ತಿಗೆ ಇದು?”

“ಕೆಂಪು ಮೊದಲು ಹಿಡಿಯೋರ ಭಾಷೆ!”

ಪಕ್ಕನೆ ನಗು. ಆ ನಗು ಕೇಳಿ ಕಣ್ಣು ತುಂಬಿತು, ಬರೆಯಲು ನಾಚಿಕೆಯೇನು. ಬೋರ್ಡನ್ನು ಹಾಲಿಗೆ ತಂದು, ಎಲ್ಲ ಬಿಚ್ಚಿ ಮತ್ತೆ ಹಸಿರಿನಿಂದ ಶುರುಮಾಡಿದಳು. ಬಾ. ಗಿ. ಲು.

ಆ ಮೂರಕ್ಷರದ ಮೇಲೆ ಬೆರಳಾಡಿಸಿದಳು. “ತಪ್ಪು ಮಾತಾಡಿದೆ, ಅತ್ತಿಗೆ.”

“ಸುಮ್ನಿರು. ಇನ್ನೊಂದ್ ಸಲ ಮಾಡು.”

ಮಾರ್ಚ್ 13, ಗುರುವಾರ

ಕ್ಲಾಸಿನಲ್ಲೂ ಅದೇ ರಟ್ಟಿನಾಟ, ತಪ್ಪಿದವರಿಗೆ ಈಗ ಲುಗಿಬಾ ಎಂದೇ ಹೆಸರು. ಟೈಲರಮ್ಮ ಎರಡು ಸಲ ಲುಗಿಬಾ, ಆಮೇಲೆ ಸರಾಗ.

ನಾದಿನಿಯದೂ ಸರಿ ಇತ್ತು. ಅಷ್ಟರಲ್ಲಿ ಗುಡುಗು ಮೇಷ್ಟ್ರು ಹಿಂದಿನಿಂದ “ಬೇಗ!” ಅಂದರು. ಕೈ ಸೀದಾ ಕೆಂಪಿಗೆ. ಗದರಿದರೆ ಹಳೇ ದಾರಿ ಹಿಡಿಯುತ್ತದೆ ಆ ಕೈ. ನಾಡಿದ್ದು ಪರೀಕ್ಷಕರು ಹೇಗಿರುತ್ತಾರೋ...

ಮಾರ್ಚ್ 15, ಶನಿವಾರ. ಪರೀಕ್ಷೆಯ ಹೊತ್ತು

ವರ್ಕ್‌ಶಾಪಿನ ಹೊರಗೆ ಬೆಂಚು. ಒಳಗೆ ಬಿಡುವುದಿಲ್ಲ. ಬಾಗಿಲಿನ ಗಾಜಿನಲ್ಲಿ ನಾದಿನಿಯೂ ಬೋರ್ಡೂ ಕಾಣುತ್ತಿವೆ. ಬರೆಯದಿದ್ದರೆ ಉಗುರೆಲ್ಲ ಕಚ್ಚಿ ಮುಗಿಸುತ್ತೇನೆ.

ಮೈನ್ ಆಫ್ ಮಾಡಿದಳು. ಟೆಸ್ಟರ್ ಇಟ್ಟು ನೋಡಿದಳು. ಸರಿ. ಪರೀಕ್ಷಕರು ಗಡಿಯಾರ ತೋರಿಸಿ ಏನೋ ಗದರಿದರು. ಅಯ್ಯೋ, ಗದರಬೇಡಿ ಸ್ವಾಮಿ. ಕೈ ಕೆಂಪಿನ ಕಡೆ ಹೋಯಿತು... ಬೇಡ ಬೇಡ... ನಿಂತಿತು. ತುಟಿ ಅಲುಗುತ್ತಿದೆ. ಹಸಿರು, ತಾಯೀ, ಹಸಿರು —

ಹಸಿರು! ಹಸಿರನ್ನೇ ಹಿಡಿದಳು. ಈಗ ಕಪ್ಪು. ಕೆಂಪು ಕೊನೆಗೆ. ಪರೀಕ್ಷಕರು ತಲೆಯಾಡಿಸಿ ಗುರುತು ಹಾಕಿದರು. ಗಾಜಿನಾಚೆಯಿಂದ ನನ್ನನ್ನು ಹುಡುಕಿ ಹಲ್ಲು ಬಿಡುತ್ತಿದ್ದಾಳೆ. ನಾನೂ ಹಲ್ಲು ಬಿಟ್ಟೆ. ಗೆದ್ದಳು ನನ್ನ ರೇಡಿಯೋ. ಅವಳದೇ ಬಾಗಿಲು, ಅವಳದೇ ಬೀಗ. ಮುಂದಿನ ವಾರವೇ ಹೊರಡುತ್ತಾಳೆ. ಇನ್ನು ಸಂಜೆ ಮನೆಗೆ ಹೋದರೆ ನನ್ನ ಜೊತೆ ಮಾತಾಡಲು ಯಾರೂ ಇಲ್ಲ. ಅಗೋ, ಬಾಗಿಲು ತೆಗೆಯಿತು, “ಅತ್ತಿಗೆ!” — ಸಾಕು ಬರೆದದ್ದು.